ಕ್ರೂಸ್ ಹಡಗಿನಿಂದ ಗೋವಾದಲ್ಲಿ ಇಳಿದಾಗ ಪಾರ್ಟಿ ಬೋಟಿಗೆ ಹೋಗಬೇಕೆ?

ಮುಂಬೈನಿಂದ ಗೋವಾಕ್ಕೆ ಕ್ರೂಸ್ ಹಡಗಿನಲ್ಲಿ ಹೋಗಿಬರುವ ವಿಚಾರ ನಮ್ಮ ಸದಸ್ಯರಲ್ಲಿ ಈಚೆಗೆ ಹೆಚ್ಚಾಗಿದೆ. ನಿವೃತ್ತಿಯ ಹಣ ಕೈಗೆ ಬಂದವರು, ಮಕ್ಕಳು ಟಿಕೆಟ್ ತೆಗೆಸಿಕೊಟ್ಟವರು, ಗೆಳೆಯರ ಗುಂಪು ಕಟ್ಟಿಕೊಂಡು ಹೊರಟವರು ಸಂಘಕ್ಕೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಹಡಗು ಗೋವಾದಲ್ಲಿ ಒಂದು ಹಗಲು ನಿಲ್ಲುತ್ತದೆ, ಆ ಹೊತ್ತಿನಲ್ಲಿ ಮಾಂಡೋವಿ ನದಿಯ ಪಾರ್ಟಿ ಬೋಟಿಗೆ ಹೋದರೆ ಹೇಗೆ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಇಲ್ಲಿ ಬರೆದಿಡುವುದು ಮೇಲು ಎನಿಸಿತು. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಡಗು ಅದೇ ಸಂಜೆ ಹೊರಡುವುದಾದರೆ ಬೇಡ. ಹಡಗು ರಾತ್ರಿ ಬಂದರಿನಲ್ಲೇ ತಂಗುವುದಾದರೆ, ಅಥವಾ ನಿಮ್ಮ ಪ್ರಯಾಣ ಗೋವಾದಲ್ಲೇ ಮುಗಿಯುವುದಾದರೆ, ಹೋಗಿಬನ್ನಿ.

ಪಾರ್ಟಿ ಬೋಟ್ ಎಂದರೆ

ಹಡಗು ಬಂದರಿನಲ್ಲಿ ನಿಂತಾಗ ಪ್ರಯಾಣಿಕರನ್ನು ದಡದ ಕಡೆ ಸುತ್ತಾಡಿಸಿ ಮತ್ತೆ ಹಡಗು ಹತ್ತಿಸುವ ವ್ಯವಸ್ಥೆಗೆ ಕ್ರೂಸ್ ಕಂಪನಿಗಳು ಶೋರ್ ಎಕ್ಸ್‌ಕರ್ಷನ್ ಎನ್ನುತ್ತವೆ. ಅದರಲ್ಲಿ ಪಾರ್ಟಿ ಬೋಟ್ ಒಂದು ಬಗೆ. ಕೆರಿಬಿಯನ್ ದ್ವೀಪಗಳಲ್ಲಿ ಇದು ಬಹಳ ನಡೆಯುತ್ತದೆ: ಎರಡು ಒಡಲಿನ ಕ್ಯಾಟಮರಾನ್ ದೋಣಿ, ಜೋರು ಸಂಗೀತ, ರಮ್ ಬೆರೆಸಿದ ಪಾನಕ, ನಡುವೆ ಎಲ್ಲೋ ಲಂಗರು ಹಾಕಿ ಈಜು. ಅಲ್ಲಿ ಅನೇಕ ಕಡೆ ಹಡಗಿನ ಧಕ್ಕೆಯ ಪಕ್ಕದಲ್ಲೇ ಈ ದೋಣಿಗಳು ನಿಂತಿರುತ್ತವೆ, ಹಗಲಿನಲ್ಲೇ ಓಡುತ್ತವೆ. ಹಾಗಾಗಿ ಅಲ್ಲಿಯ ಪ್ರಯಾಣಿಕರು ಬರೆದದ್ದನ್ನು ಓದಿ ಗೋವಾದಲ್ಲೂ ಹಾಗೆಯೇ ಇರುತ್ತದೆ ಎಂದುಕೊಳ್ಳಬಾರದು.

ಗೋವಾದಲ್ಲಿ ಈ ಹೆಸರಿನಲ್ಲಿ ಸಿಗುವುದು ಮುಖ್ಯವಾಗಿ ಎರಡು. ಒಂದು, ಪಣಜಿಯಲ್ಲಿ ಮಾಂಡೋವಿ ಸೇತುವೆಯ ಬಳಿಯ ಸಾಂತಾ ಮೋನಿಕಾ ಜೆಟ್ಟಿಯಿಂದ ಸಂಜೆ ಹೊರಡುವ ನದಿ ವಿಹಾರ. ಗೋವಾ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ದೋಣಿಗಳೂ ಇವೆ, ಖಾಸಗಿಯವೂ ಇವೆ. ಸುಮಾರು ಒಂದು ಗಂಟೆಯ ಸುತ್ತು. ಮೇಲಿನ ಅಟ್ಟದಲ್ಲಿ ವೇದಿಕೆ, ಡಿಜೆ, ನಡುನಡುವೆ ದೇಖ್ಣಿ, ಫುಗಡಿ, ಪೋರ್ಚುಗೀಸರ ಕಾಲದ ಕೊರಿದಿನ್ಯೊ ನೃತ್ಯಗಳು. ಮೈಕ್ ಹಿಡಿದವರು ಮೊದಲು ಮಕ್ಕಳನ್ನು, ಆಮೇಲೆ ದಂಪತಿಗಳನ್ನು, ಆಮೇಲೆ ಹೆಂಗಸರನ್ನು, ಕೊನೆಗೆ ಹುಡುಗರನ್ನು ಸರದಿಯಂತೆ ವೇದಿಕೆಗೆ ಕರೆದು ಕುಣಿಸುತ್ತಾರೆ. ಪಾರ್ಟಿ ಎಂಬ ಮಾತಿಗೆ ಹೆದರುವ ಮನೆಮಂದಿಗೆ ಹೇಳುತ್ತೇನೆ, ಇದು ಮದುವೆಮನೆಯ ಆರ್ಕೆಸ್ಟ್ರಾಕ್ಕಿಂತ ಹೆಚ್ಚಿನ ಅಪಾಯದ್ದೇನಲ್ಲ. ಒಂದು ಗಂಟೆಯ ಟಿಕೆಟ್ಟಿನಲ್ಲಿ ತಿಂಡಿ, ಪಾನೀಯ ಸಾಮಾನ್ಯವಾಗಿ ಸೇರಿರುವುದಿಲ್ಲ. ಊಟ ಸೇರಿದ ದೋಣಿಗಳು ಬೇರೆ, ಅವುಗಳ ದರವೂ ಬೇರೆ. ಮಾಂಡೋವಿಯಲ್ಲೇ ಲಂಗರು ಹಾಕಿ ನಿಂತಿರುವ ಕ್ಯಾಸಿನೊ ಹಡಗುಗಳು ಮೂರನೆಯ ವಿಷಯ. ಅವನ್ನು ಇದರ ಜೊತೆ ಕಲಸಿಕೊಳ್ಳಬೇಡಿ. ಅಲ್ಲಿ ಜೂಜಿನ ವ್ಯವಹಾರ, 21 ವರ್ಷ ತುಂಬದವರಿಗೆ ಆಟಕ್ಕೆ ಪ್ರವೇಶವಿಲ್ಲ.

ಎರಡನೆಯದು ಬೆಳಗಿನ ಹೊತ್ತು ಸಮುದ್ರಕ್ಕೆ ಹೋಗುವ ದೋಣಿ. ವಾಸ್ಕೋ ಕಡೆಯ ಗ್ರಾಂಡ್ ದ್ವೀಪದ ಹತ್ತಿರ ಒಯ್ದು, ನೀರಿಗಿಳಿಸಿ ಸ್ನಾರ್ಕೆಲ್ ಮಾಡಿಸಿ, ಸುಟ್ಟ ಮೀನು, ಬಿಯರ್, ಹಾಡು ಎಲ್ಲ ಕೊಟ್ಟು ಮಧ್ಯಾಹ್ನದ ಹೊತ್ತಿಗೆ ವಾಪಸು ತರುತ್ತಾರೆ. ಹರೆಯದವರಿಗೆ ಇದೇ ಹೆಚ್ಚು ಹಿಡಿಸುತ್ತದೆ.

ಗಂಟೆಯ ಲೆಕ್ಕ

ಏಜೆಂಟರ ಬಳಿ ಎಲ್ಲರೂ ಕೇಳುವುದು ಟಿಕೆಟ್ಟಿನ ದರವನ್ನು. ನನ್ನ ಅಭಿಪ್ರಾಯದಲ್ಲಿ ಅದು ಸಣ್ಣ ಬಾಬತ್ತು. ದೊಡ್ಡ ಖರ್ಚು ಗಂಟೆಗಳದ್ದು.

ಕ್ರೂಸ್ ಹಡಗು ನಿಲ್ಲುವುದು ಮಾರ್ಮಗೋವಾ ಬಂದರಿನಲ್ಲಿ, ಪಣಜಿಯಲ್ಲಿ ಅಲ್ಲ. ಬಂದರಿನಿಂದ ವಾಸ್ಕೋ ಪೇಟೆಗೆ ನಾಲ್ಕು ಕಿಲೋಮೀಟರಿನಷ್ಟು, ಅಲ್ಲಿಂದ ಪಣಜಿಗೆ ಸುಮಾರು 30. ಕೊರ್ಟಾಲಿಂ ಬಳಿ ಜುವಾರಿ ಹೊಳೆ ದಾಟಬೇಕು. 2022ರ ಡಿಸೆಂಬರಿನಲ್ಲಿ ಹೊಸ ಸೇತುವೆ ತೆರೆದ ಮೇಲೆ ಮೊದಲಿನ ಉಸಿರುಗಟ್ಟುವ ಸಾಲು ಇಲ್ಲ. ಆದರೂ ಒಂದು ಗಂಟೆ ಹಿಡಿಯಿರಿ. ಡಿಸೆಂಬರ್ ಕೊನೆಯ ವಾರವಾದರೆ, ಶನಿವಾರ ಭಾನುವಾರವಾದರೆ, ಇನ್ನೂ ಅರ್ಧ ಗಂಟೆ ಸೇರಿಸಿ.

ಹಡಗು ಬೆಳಿಗ್ಗೆ 10ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ ಎಂದು ಇಟ್ಟುಕೊಳ್ಳೋಣ. ಕಾಗದದ ಮೇಲೆ ಎಂಟು ಗಂಟೆ. ಹಡಗು ಕಟ್ಟಿದ ಕೂಡಲೇ ಬಾಗಿಲು ತೆರೆಯುವುದಿಲ್ಲ. ತಪಾಸಣೆ ಮುಗಿದು, ನೂರಾರು ಜನರ ಸಾಲಿನಲ್ಲಿ ನೀವು ಕೆಳಗಿಳಿದು, ಬಂದರಿನ ಗೇಟು ದಾಟುವ ಹೊತ್ತಿಗೆ 11 ಆದೀತು. ಇತ್ತ ಹೊರಡುವ ಹೊತ್ತೆಂದರೆ ನೀವು ಹತ್ತುವ ಹೊತ್ತಲ್ಲ. ಎಲ್ಲರೂ ಒಳಗಿರಬೇಕಾದ ಗಡುವು ಅದಕ್ಕೂ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಇರುತ್ತದೆ. ಗಡುವನ್ನು 5 ಗಂಟೆ ಎಂದೇ ಹಿಡಿಯಿರಿ. ಪಣಜಿಗೆ ಹೋಗಿಬರಲು ಎರಡು ಗಂಟೆ ತೆಗೆಯಿರಿ, ಟೈರು ಪಂಕ್ಚರು ಇತ್ಯಾದಿಗೆ ಒಂದು ಗಂಟೆ ಕೈಯಲ್ಲಿರಲಿ. ಪಣಜಿಯಲ್ಲಿ ನಿಮ್ಮ ಪಾಲಿಗೆ ಉಳಿದದ್ದು 12ರಿಂದ 3.

ಈಗ ಸೂರ್ಯನ ಲೆಕ್ಕ. ಡಿಸೆಂಬರ್ ಮೊದಲ ವಾರ ಪಣಜಿಯಲ್ಲಿ ಸೂರ್ಯ ಮುಳುಗುವುದು ಸಂಜೆ 6ರ ಆಸುಪಾಸು, ಮೇ ಕೊನೆಗೆ 7ರ ಹತ್ತಿರ. ನದಿ ವಿಹಾರದ ದೋಣಿಗಳು ಹೊರಡುವುದೇ ಆ ಹೊತ್ತಿಗೆ, ಮೊದಲನೆಯದು ಸುಮಾರು 6ಕ್ಕೆ. ಜನ ಹಣ ಕೊಡುವುದು ಬಿಸಿಲು ಇಳಿದು ನೀರಿನ ಮೇಲೆ ಬಣ್ಣ ಬರುವ ಆ ಗಳಿಗೆಗೆ. ದೋಣಿ ಜೆಟ್ಟಿ ಬಿಡುವಾಗ ಮೇಲಿನ ಲೆಕ್ಕದ ಹಡಗು ಬಂದರು ಬಿಡುತ್ತಿರುತ್ತದೆ. ಹಡಗು ರಾತ್ರಿ 9ಕ್ಕೆ ಹೊರಡುವುದಾದರೂ ನಾನು ಬೇಡ ಎಂದೇ ಹೇಳುವೆ: 7ಕ್ಕೆ ದೋಣಿ ಇಳಿದು, ಸಂಜೆಯ ವಾಹನಗಳ ನಡುವೆ ವಾಸ್ಕೋ ಸೇರಿ, ಗೇಟಿನಲ್ಲಿ ನಿಂತು, 8ರ ಗಡುವಿಗೆ ಮುಟ್ಟುವ ಪ್ರಯಾಣದಲ್ಲಿ ಹಾಡೂ ನೆನಪಿರುವುದಿಲ್ಲ, ನದಿಯೂ ನೆನಪಿರುವುದಿಲ್ಲ.

ಮಧ್ಯಾಹ್ನ ಓಡಿಸುವ ವಿಶೇಷ ದೋಣಿ ಎಂದು ಯಾರಾದರೂ ಮಾರಿದರೆ, ನೆತ್ತಿಯ ಮೇಲೆ ಗೋವಾದ ಬಿಸಿಲು ಇಟ್ಟುಕೊಂಡು ಡಿಜೆ ಕೇಳುವ ಮನಸ್ಸು ಇದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇನ್ನೊಂದು ಮಾತು. 2021ರ ಸೆಪ್ಟೆಂಬರಿನಿಂದ ಮುಂಬೈ ಕಡೆ ಓಡುತ್ತಿರುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗನ್ನೇ ತೆಗೆದುಕೊಳ್ಳಿ. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ಓಡಾಟ ಶುರು ಮಾಡಿದ ಹಡಗು ಅದು. ಈಜುಕೊಳ, ರಂಗಮಂದಿರ, ಕ್ಯಾಸಿನೊ, ರಾತ್ರಿಯ ಸಂಗೀತ, ಸುತ್ತಲೂ ಸಮುದ್ರ ಎಲ್ಲವೂ ಅದರಲ್ಲೇ ಇದೆ, ನೀವು ಅದಕ್ಕೆ ಹಣವನ್ನೂ ಕಟ್ಟಿದ್ದೀರಿ. ದೊಡ್ಡ ದೋಣಿಯಿಂದ ಇಳಿದು, ಎರಡು ಗಂಟೆ ರಸ್ತೆಯಲ್ಲಿ ಕಳೆದು, ಸಣ್ಣ ದೋಣಿಯಲ್ಲಿ ಅದೇ ಹಾಡು ಕೇಳಿ ಬರುವುದು ಯಾವ ಲೆಕ್ಕಕ್ಕೆ ಬಂತು?

ಟಿಕೆಟ್ ಯಾರಿಂದ

ಹಡಗಿನ ಕಂಪನಿಯಿಂದಲೇ ಕೊಂಡ ಪ್ರವಾಸ ತಡವಾದರೆ ಹಡಗು ಕಾಯುವುದು, ಇಲ್ಲವೇ ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುವುದು ಈ ವ್ಯವಹಾರದಲ್ಲಿ ಸಾಮಾನ್ಯ ರೂಢಿ. ಹೊರಗಿನವರಿಂದ ಕೊಂಡು ತಡವಾದರೆ ಹಡಗು ಹೋಗುತ್ತದೆ. ಹಾಗೆಯೇ, ಹವಾಮಾನ ಕೆಟ್ಟು ಹಡಗು ಗೋವಾಕ್ಕೆ ಬರದೇ ಹೋದರೆ ಹಡಗಿನಿಂದ ಕೊಂಡ ಟಿಕೆಟ್ಟಿನ ಹಣ ಸಾಮಾನ್ಯವಾಗಿ ವಾಪಸು ಬರುತ್ತದೆ. ಹೊರಗಿನವರದು ಅವರವರ ಶರತ್ತಿನಂತೆ. ಇದಕ್ಕಾಗಿಯೇ ಹಡಗಿನ ದರ ಹೆಚ್ಚು. ಬಾಯಿಮಾತನ್ನು ನಂಬದೆ ಟಿಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಓದಿ. ಮೂವತ್ತು ವರ್ಷ ಕಡತ ನೋಡಿದವನು ಹೇಳುತ್ತಿದ್ದೇನೆ, ಮುಖ್ಯವಾದದ್ದನ್ನೇ ಸಣ್ಣಕ್ಷರದಲ್ಲಿ ಬರೆಯುವುದು.

ಹಡಗು ತಪ್ಪಿದರೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಪೆಟ್ಟಿಗೆ, ಬಟ್ಟೆ, ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ ಎಲ್ಲ ಹಡಗಿನಲ್ಲಿ ಮುಂಬೈಗೆ ಹೋಗುತ್ತವೆ, ನೀವು ವಾಸ್ಕೋದ ರಸ್ತೆಯಲ್ಲಿ ನಿಂತಿರುತ್ತೀರಿ. ಮುಂಬೈಗೆ ರಾತ್ರಿ ಹೋಗುವ ಕೊಂಕಣಕನ್ಯಾ ಹಿಡಿಯಲು ಮಡಗಾಂವ್‌ಗೆ ಹೋಗಬೇಕು, ಹಬ್ಬದ ಸಮಯದಲ್ಲಿ ಆ ಗಾಡಿಯಲ್ಲಿ ಅದೇ ದಿನ ಜಾಗ ಸಿಗುವುದು ಕಷ್ಟ. ಆದ್ದರಿಂದ ದಡಕ್ಕೆ ಇಳಿಯುವಾಗ, ಬೋಟಿಗೆ ಹೋಗಲಿ ಬಿಡಲಿ, ಎರಡು ದಿನದ ಮಾತ್ರೆ, ಮೂಲ ಆಧಾರ್ ಕಾರ್ಡು, ಹಡಗಿನವರು ಕೊಟ್ಟ ಕೋಣೆಯ ಕಾರ್ಡು, ಸ್ವಲ್ಪ ನಗದು ಹಣ ಇವು ಜೇಬಿನಲ್ಲಿರಲಿ. ಕಾರ್ಡು, ಗುರುತುಪತ್ರ ಎರಡೂ ಇಲ್ಲದಿದ್ದರೆ ಬಂದರಿನ ಗೇಟಿನಲ್ಲಿರುವ ಕೇಂದ್ರ ಭದ್ರತಾ ಪಡೆಯವರು ಒಳಗೆ ಬಿಡುವುದಿಲ್ಲ, ಅದು ಅವರ ಕೆಲಸ.

ನೀರಿನ ಮೇಲಿನ ಜಾಗ್ರತೆ

ಹೋಗಲೇಬೇಕು ಎನ್ನುವವರು ಈ ಭಾಗವನ್ನು ಬಿಡಬೇಡಿ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಜಲಕನ್ಯಕ ಎಂಬ ಎರಡಂತಸ್ತಿನ ದೋಣಿ ಮಗುಚಿ 45 ಪ್ರವಾಸಿಗರು ಸತ್ತರು. ದಡದಲ್ಲಿ ಕಂಡ ಪ್ರಾಣಿಗಳನ್ನು ನೋಡಲು ಜನ ಒಂದೇ ಪಕ್ಕಕ್ಕೆ ಸರಿದರು, ದೋಣಿ ವಾಲಿತು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ವಿಹಾರದ ದೋಣಿ ಮಗುಚಿ 22 ಜನ ಹೋದರು, ಅವರಲ್ಲಿ ಮಕ್ಕಳೇ ಹೆಚ್ಚು. ಗೋವಾದ ಗಡಿಗೆ ಅಂಟಿಕೊಂಡಿರುವ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ತೀರಿಕೊಂಡರು. ಕಳಂಗುಟ್ ತೀರದಲ್ಲೂ 2024ರ ಕ್ರಿಸ್‌ಮಸ್ ದಿನ ಪ್ರವಾಸಿ ದೋಣಿ ಮಗುಚಿ ಒಬ್ಬರು ಸತ್ತು 20 ಜನರನ್ನು ರಕ್ಷಿಸಲಾಯಿತು.

ಇವು ಯಾವುವೂ ಮಾಂಡೋವಿಯ ಸಂಜೆಯ ದೋಣಿಗಳಲ್ಲ. ಆದರೆ ತೇಕ್ಕಡಿಯ ಕಾರಣ ನೇರವಾಗಿ ಅನ್ವಯಿಸುತ್ತದೆ. ಪಾರ್ಟಿ ಬೋಟ್ ಎಂದರೆ ಎತ್ತರದ ದೋಣಿ, ಭಾರವೆಲ್ಲ ಮೇಲಿನ ಅಟ್ಟದಲ್ಲಿ, ಅದೂ ನಿಂತು ಕುಣಿಯುವ ಭಾರ. ಭಾರ ಮೇಲಕ್ಕೆ ಹೋದಷ್ಟೂ ದೋಣಿ ವಾಲಿದರೆ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ಸೂರ್ಯ ಮುಳುಗುವ ಗಳಿಗೆಗೆ ಎಲ್ಲರೂ ಫೋನು ಹಿಡಿದು ಪಡುವಣ ಕಟಕಟೆಗೆ ಓಡುವುದು ಬೇರೆ. ಆಗ ನೀವು ಓಡಬೇಡಿ. ಮಧ್ಯದಲ್ಲಿ, ಸಾಧ್ಯವಾದರೆ ಕೆಳಗಿನ ಅಟ್ಟದಲ್ಲಿ, ಮೆಟ್ಟಿಲಿನ ಹತ್ತಿರ ಕುಳಿತುಕೊಳ್ಳಿ.

ಗೋವಾದಲ್ಲಿ ದೋಣಿಗಳ ನೋಂದಣಿ, ಪರೀಕ್ಷೆ ಎರಡೂ ಅಲ್ಲಿನ ಸರಕಾರದ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯ ಕೆಲಸ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ ಈಗ 2021ರ ಒಳನಾಡು ಹಡಗು ಕಾಯ್ದೆ ಇದೆ. ದೋಣಿಯಲ್ಲಿ ಎಷ್ಟು ಜನರಿಗೆ ಪರವಾನಗಿ ಎಂಬುದು ಬರೆದಿದೆಯೇ ನೋಡಿ. ಲೈಫ್ ಜಾಕೆಟ್ ಎಲ್ಲಿದೆ ಎಂದು ಹತ್ತಿದ ಕೂಡಲೇ ಕೇಳಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದರೆ ಅದು ಇಲ್ಲದಂತೆಯೇ ಲೆಕ್ಕ. ಸಮುದ್ರದ ದೋಣಿಯಲ್ಲಾದರೆ ಕೇಳುವುದೇನು, ಮೈಮೇಲೆ ಹಾಕಿಕೊಂಡೇ ಕೂರಬೇಕು, ಫೋಟೋ ಚೆನ್ನಾಗಿ ಬರಲಿ ಎಂದು ಬಿಚ್ಚಬಾರದು. ಗ್ರಾಂಡ್ ದ್ವೀಪಕ್ಕೆ ಹೋಗುವವರು ನೀರಿಗಿಳಿದು ಮೇಲೆ ಬಂದ ನಂತರವೇ ಬಿಯರ್ ಮುಟ್ಟಬೇಕು. ಮೊದಲು ಕುಡಿಸಿ ಆಮೇಲೆ ಇಳಿಸುವ ದೋಣಿಯವರನ್ನು ಬಿಟ್ಟುಬಿಡಿ.

ಯಾರಿಗೆ ಒಪ್ಪುತ್ತದೆ

ಹಡಗು ರಾತ್ರಿ ತಂಗುವುದಾದರೆ ಮೇಲಿನ ಗಂಟೆಯ ಲೆಕ್ಕವೆಲ್ಲ ಬಿದ್ದುಹೋಗುತ್ತದೆ. ಮುಂಬೈಯಿಂದ ಒಂದೇ ಕಡೆಯ ಟಿಕೆಟ್ ತೆಗೆಸಿ ಗೋವಾದಲ್ಲಿ ಇಳಿದು, ಎರಡು ದಿನ ಇದ್ದು, ರೈಲಿನಲ್ಲಿ ಬೆಳಗಾವಿ ಕಡೆಗೆ ಮರಳುವವರಿಗೂ ಹಾಗೆಯೇ. ಅಂಥವರು ಸರಕಾರಿ ನಿಗಮದ ಕಿಟಕಿಯಲ್ಲೇ ಟಿಕೆಟ್ ಕೊಂಡು ಒಂದು ಗಂಟೆಯ ದೋಣಿಗೆ ಹೋಗಲಿ. ಕೆಲವು ನೂರು ರೂಪಾಯಿಗೆ ಅದು ತಕ್ಕುದೇ. ದೋಣಿಯಿಂದ ಕಾಣುವ ಆದಿಲ್‌ಶಾಹಿ ಅರಮನೆ ನಮ್ಮ ವಿಜಯಪುರದ ಸುಲ್ತಾನರದು, 1510ರಲ್ಲಿ ಪೋರ್ಚುಗೀಸರ ಕೈಗೆ ಊರು ಹೋಗುವ ಮೊದಲಿನದು. ಎದುರು ದಡದಲ್ಲಿ ರೇಯಿಸ್ ಮಾಗೊಸ್ ಕೋಟೆ. ಇನ್ನು ಮಾಂಡೋವಿ ಎಂಬುದು ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. ಇಷ್ಟೂ ಡಿಜೆಯ ಗದ್ದಲದಲ್ಲಿ ಯಾರೂ ಹೇಳುವುದಿಲ್ಲ, ತಿಳಿದುಕೊಂಡೇ ಹೋಗಬೇಕು.

ಹರೆಯದ ಗುಂಪು, ಈಜು ಬಲ್ಲವರು, ಹಡಗು ಬೆಳಿಗ್ಗೆ ಬೇಗ ಬರುವುದು, ಹಡಗಿನವರೇ ಏರ್ಪಡಿಸಿದ ಪ್ರವಾಸ ಈ ನಾಲ್ಕೂ ಕೂಡಿದರೆ ಗ್ರಾಂಡ್ ದ್ವೀಪದ ದೋಣಿ ಆಗಬಹುದು, ಅದು ಬಂದರಿಗೆ ಹತ್ತಿರವೂ ಹೌದು. ಮಂಡಿ ನೋವಿನವರು, ಕಿವಿಗೆ ಯಂತ್ರ ಹಾಕಿಕೊಂಡವರು, ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರು ಎರಡನ್ನೂ ಬಿಡುವುದು ಒಳ್ಳೆಯದು. ಅಲುಗಾಡುವ ದೋಣಿಗೆ ಹಲಗೆಯ ಮೇಲೆ ಕಾಲಿಟ್ಟು ಹತ್ತುವುದು ಹೇಳಿದಷ್ಟು ಸುಲಭವಲ್ಲ.

ಆ ಮೂರು ಗಂಟೆಯಲ್ಲಿ ಬೇರೇನು

ಉಳಿದವರಿಗೆ ನನ್ನ ಸಲಹೆ ಹಳೆಯ ಗೋವಾ. ಬೊಮ್ ಜೀಸಸ್ ಬೆಸಿಲಿಕಾ ಮೊದಲಾದ ಚರ್ಚುಗಳನ್ನು ಯುನೆಸ್ಕೊ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿಯೇ ಇರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯದಲ್ಲಿ ಕದಂಬರ ಕಾಲದ ಶಿಲ್ಪ, ವೀರಗಲ್ಲುಗಳಿವೆ. ಶುಕ್ರವಾರ ರಜೆ. ಗೋವಾದ ಕದಂಬರ ರಾಜಧಾನಿ ಗೋಪಕಪಟ್ಟಣ ಇದ್ದದ್ದು ಜುವಾರಿ ದಡದ ಇಂದಿನ ಗೋವಾ ವೆಲ್ಹಾ ಪಕ್ಕದಲ್ಲಿ, ವಾಸ್ಕೋದಿಂದ ಪಣಜಿಗೆ ಬರುವಾಗ ಆ ಊರಿನ ಮೇಲೆಯೇ ಬರುತ್ತೀರಿ. ಗೋವಾ ಸರಕಾರದ ಬಸ್ಸಿನ ಹೆಸರೂ ಕದಂಬವೇ. ವಾಸ್ಕೋ ನಿಲ್ದಾಣದಿಂದ ಪಣಜಿಗೆ ನಡುವೆ ನಿಲ್ಲದ ಶಟಲ್ ಬಸ್ಸುಗಳಿವೆ, ಟ್ಯಾಕ್ಸಿಯ ಚೌಕಾಶಿ ಬೇಡವೆನ್ನುವವರಿಗೆ ಅನುಕೂಲ. ಟ್ಯಾಕ್ಸಿಯೇ ಬೇಕೆಂದರೆ ಹೋಗಿಬರುವ ದರ, ಕಾಯುವ ಗಂಟೆ ಎರಡನ್ನೂ ಹತ್ತುವ ಮೊದಲೇ ಮಾತಾಡಿ ಮುಗಿಸಿ. ವಾಸ್ಕೋ, ಬೈನಾ, ಜುವಾರಿನಗರದ ಕಡೆ ನಮ್ಮವರು ತಲೆಮಾರುಗಳಿಂದ ಇದ್ದಾರೆ. ಕನ್ನಡದಲ್ಲೇ ಮಾತು ಶುರು ಮಾಡಿ ನೋಡಿ.

ದೋಣಿಯ ಆಸೆ ಬಿಡದಿದ್ದರೆ ಪಣಜಿಯಿಂದ ಎದುರಿನ ಬೆತಿಂಗೆ ಸರಕಾರಿ ಫೆರಿ ಇದೆ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. 1986ರಲ್ಲಿ ಮಾಂಡೋವಿ ಸೇತುವೆ ಕುಸಿದಾಗ ಜನ ಈ ಹೊಳೆಯನ್ನು ಫೆರಿಯಲ್ಲೇ ದಾಟಬೇಕಾಯಿತು. ಕೆಲವೇ ನಿಮಿಷ ಆಚೆ, ಕೆಲವೇ ನಿಮಿಷ ಈಚೆ. ನದಿ ಅದೇ, ಗಾಳಿ ಅದೇ.

ಕೊಚ್ಚಿ ಮತ್ತು ಮಂಗಳೂರು

ಕಾಸರಗೋಡು, ವಯನಾಡು ಕಡೆಯ ಸದಸ್ಯರು ಕೊಚ್ಚಿಯ ಬಗ್ಗೆಯೂ ಕೇಳಿದ್ದಾರೆ. ಅಲ್ಲಿ ಲೆಕ್ಕ ಬೇರೆ. ಹಡಗು ನಿಲ್ಲುವ ವಿಲ್ಲಿಂಗ್ಡನ್ ದ್ವೀಪ ಊರಿನ ಮಗ್ಗುಲಲ್ಲೇ ಇದೆ, ಮರೀನ್ ಡ್ರೈವಿನಿಂದ ಹಗಲಿನಲ್ಲೇ ದೋಣಿಗಳು ಹೊರಡುತ್ತವೆ, ಆದ್ದರಿಂದ ಒಂದು ಗಂಟೆಯ ಸುತ್ತಿಗೆ ಧಾರಾಳ ಸಮಯ ಸಿಗುತ್ತದೆ. ಆದರೂ ನನ್ನ ಓಟು 2023ರ ಏಪ್ರಿಲಿನಲ್ಲಿ ಶುರುವಾದ ವಾಟರ್ ಮೆಟ್ರೋಗೆ. ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ತಂಪು ದೋಣಿ, ಶುರುವಾದಾಗಿನ ದರ 20ರಿಂದ 40 ರೂಪಾಯಿಯೊಳಗೆ. ಎಷ್ಟು ಜನರಿಗೆ ಜಾಗವೋ ಅಷ್ಟೇ ಜನರನ್ನು ಬಿಡುತ್ತಾರೆ, ಅದು ನನಗೆ ಎಲ್ಲಕ್ಕಿಂತ ಹಿಡಿಸಿದ ಅಂಶ.

ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳಲ್ಲಿ ಹೊರದೇಶದ ನೆಂಟರು ಬಂದರೆ ದೋಣಿಯ ಮಾತೇ ಎತ್ತಬೇಡಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕಾರ್ಕಳದ ಗೊಮ್ಮಟನಿಗೂ ಒಂದು ಹಗಲು ಸರಿಯಾಗಿ ಸಾಕು.

ಹಡಗಿನ ಟಿಕೆಟ್ ತೆಗೆಸಿರುವ ಸದಸ್ಯರು ಹಡಗು ಬರುವ, ಹೊರಡುವ ಹೊತ್ತಿರುವ ಪುಟದ ಪ್ರತಿಯನ್ನು ಸಂಘಕ್ಕೆ ಕಳುಹಿಸಿದರೆ, ಅವರವರ ದಿನದ ಗಂಟೆಯ ಲೆಕ್ಕ ಹಾಕಿ ತಿಳಿಸುತ್ತೇನೆ. ಹೊರಡುವ ಹಿಂದಿನ ದಿನ ಕಳುಹಿಸಬೇಡಿ, ಒಂದು ವಾರ ಮೊದಲಿರಲಿ.